ಪಿಕಪ್ ವಾಹನಗಳ ಎಂಜಿನ್ ದೋಷ: ತನಿಖೆ ಮತ್ತು ಪರಿಹಾರ ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಸಾರಿಗೆ ಆಯುಕ್ತರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಮುಖಾಂತರ: ಪ್ರಾದೇಶಿಕ ಸಾರಿಗೆ ಅಧಿಕಾರಿಗಳು, ಕೋಲಾರ

ಇವರಿಂದ: ಕೋಲಾರ ಜಿಲ್ಲೆಯ ಪಿಕಪ್ ವಾಹನಗಳ ಮಾಲೀಕ-ಚಾಲಕರು

ವಿಷಯ: ಬಿಎಸ್-6 ಡೀಸೆಲ್ ಪಿಕಪ್‌ಗಳಲ್ಲಿ ಮರುಕಳಿಸುತ್ತಿರುವ ಎಂಜಿನ್ ತೊಂದರೆಗಳ ಬಗ್ಗೆ.

ಮಾನ್ಯರೇ,

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ತೋಟಗಳಿಂದ ಟೊಮೆಟೊ, ಮಾವು, ಸೊಪ್ಪನ್ನು ಮಂಡಿಗೆ ಮುಟ್ಟಿಸಿ ಬದುಕುತ್ತಿರುವವರು ನಾವು. ನಮ್ಮಲ್ಲಿ ಬಹುಪಾಲು ಜನ ಸಾಲ ಮಾಡಿ ಗಾಡಿ ಕೊಂಡು, ತಾವೇ ಓಡಿಸುವವರು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ವಾಹನಗಳ ಹೊಗೆಗೆ ಬಿಎಸ್-6 ಮಾನದಂಡ ಕಡ್ಡಾಯವಾಯಿತು. ಆಮೇಲೆ ಕೊಂಡ ಡೀಸೆಲ್ ಪಿಕಪ್‌ಗಳಲ್ಲಿ ಒಂದೇ ಬಗೆಯ ತೊಂದರೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಅದನ್ನು ತಮ್ಮ ಗಮನಕ್ಕೆ ತರಲು ಈ ಮನವಿ.

ಈ ಗಾಡಿಗಳ ಹೊಗೆ ಕೊಳವೆಯಲ್ಲಿ ಡಿಪಿಎಫ್ ಎಂಬ ಫಿಲ್ಟರ್ ಇದೆ. ಅದು ಹೊಗೆಯ ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಸಿ ತುಂಬಿದಾಗ ಗಾಡಿಯ ಕಂಪ್ಯೂಟರ್ ಹೆಚ್ಚುವರಿ ಡೀಸೆಲ್ ಬಿಟ್ಟು, ಹೊಗೆಯ ಶಾಖವನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ, ಆ ಮಸಿಯನ್ನು ಸುಡುತ್ತದೆ. ಇದಕ್ಕೆ ಗಾಡಿ ಸ್ವಲ್ಪ ಹೊತ್ತು ನಿಲ್ಲದೆ ಒಂದೇ ವೇಗದಲ್ಲಿ ಓಡಬೇಕು. ನಮ್ಮ ಓಡಾಟ ಹಾಗಿಲ್ಲ. ತೋಟದ ಮಣ್ಣುದಾರಿಯಲ್ಲಿ ಫಸ್ಟ್ ಗೇರು, ಸೆಕೆಂಡ್ ಗೇರು. ಊರಿಂದ ಮಂಡಿಗೆ ಹತ್ತು ಹದಿನೈದು ಕಿಲೋಮೀಟರ್. ಸುಗ್ಗಿಯಲ್ಲಿ ಮಂಡಿಯ ಮುಂದೆ ಸಾಲಿನಲ್ಲಿ ಇಂಚಿಂಚೇ ಮುಂದಕ್ಕೆ. ಮಸಿ ಸುಡುವ ಕೆಲಸ ಶುರುವಾಗುತ್ತದೆ, ಅರ್ಧಕ್ಕೆ ನಿಲ್ಲುತ್ತದೆ. ಸುಡದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆ ಇಳಿದು ಆಯಿಲ್ ಚೇಂಬರಿಗೆ ಸೇರುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಕಡಿಮೆಯಾಗುವ ಬದಲು ಹೆಚ್ಚಾಗಿರುತ್ತದೆ, ತೆಳ್ಳಗಾಗಿರುತ್ತದೆ. ತೆಳುವಾದ ಆಯಿಲಿನಲ್ಲಿ ಓಡಿದ ಎಂಜಿನ್ನಿನ ಬೇರಿಂಗ್, ಟರ್ಬೊ ಎಷ್ಟು ದಿನ ತಾಳಿಯಾವು?

ಕೊನೆಗೆ ಮೀಟರಿನಲ್ಲಿ ದೀಪ ಹತ್ತಿಕೊಂಡು ಗಾಡಿ ಲಿಂಪ್ ಮೋಡ್‌ಗೆ ಹೋಗುತ್ತದೆ. ಎಷ್ಟು ಒತ್ತಿದರೂ ಎಳೆಯುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಲಾರಿ-ಬಸ್ಸುಗಳ ನಡುವೆ, ಲೋಡಿನೊಂದಿಗೆ ಹೀಗಾದರೆ ಅದು ನಮ್ಮ ಕಿಸೆಯ ಪ್ರಶ್ನೆಯಷ್ಟೇ ಅಲ್ಲ, ಪ್ರಾಣದ ಪ್ರಶ್ನೆ. ರಾತ್ರಿ ನಿಂತ ಗಾಡಿಯ ಟೊಮೆಟೊ ಬೆಳಗಿನ ಹರಾಜಿಗೆ ಸಿಗುವುದಿಲ್ಲ. ನಷ್ಟ ರೈತನಿಗೂ, ನಮಗೂ.

ಸರ್ವಿಸ್ ಸೆಂಟರಿಗೆ ಹೋದರೆ ನಮಗೆ ಸಿಗುವ ಉತ್ತರ ಒಂದೇ: "ನೀವು ಓಡಿಸುವ ರೀತಿ ಸರಿಯಿಲ್ಲ, ಇದು ವಾರಂಟಿಗೆ ಬರುವುದಿಲ್ಲ." ಹಳ್ಳಿಯ ದಾರಿಗೆ, ತರಕಾರಿ ಸಾಗಣೆಗೆ ಹೇಳಿ ಮಾಡಿಸಿದ ಗಾಡಿ ಎಂದು ಜಾಹೀರಾತು ಕೊಟ್ಟು ಮಾರಿದವರೇ, ಹಳ್ಳಿಯ ದಾರಿಯಲ್ಲಿ ಓಡಿಸಿದ್ದೇ ತಪ್ಪು ಎನ್ನುವುದು ಅನ್ಯಾಯ. ಮಾರುವಾಗ ಈ ಫಿಲ್ಟರಿನ ಬಗ್ಗೆ, ಅದಕ್ಕೆ ಬೇಕಾದ ಬೇರೆ ದರ್ಜೆಯ ಆಯಿಲಿನ ಬಗ್ಗೆ ಒಂದು ಮಾತೂ ಹೇಳುವುದಿಲ್ಲ. ಕೈಗೆ ಕೊಡುವ ಪುಸ್ತಕ ಇಂಗ್ಲಿಷಿನಲ್ಲಿದೆ.

ಒಂದು ಮಾತು ಸ್ಪಷ್ಟಪಡಿಸುತ್ತೇವೆ. ಫಿಲ್ಟರ್ ಬೇಡ ಎಂಬುದು ನಮ್ಮ ವಾದವಲ್ಲ. ಬಿಎಸ್-6ರೊಂದಿಗೆ ಡೀಸೆಲಿನ ಗಂಧಕದ ಮಿತಿ 50 ಪಿಪಿಎಮ್‌ನಿಂದ 10ಕ್ಕೆ ಇಳಿದದ್ದು ಒಳ್ಳೆಯದೇ. ಆ ಹೊಗೆಯನ್ನು ಮೊದಲು ಕುಡಿಯುವವರು ನಾವೇ. ಡಿಪಿಎಫ್ ಕಿತ್ತುಹಾಕಿ ಸಾಫ್ಟ್‌ವೇರ್ ತಿದ್ದಿಕೊಡುವವರು ಅಲ್ಲಲ್ಲಿ ಇದ್ದಾರೆ. ಅದು ಕಾನೂನುಬಾಹಿರ, ನಾವು ಅದನ್ನು ಸಮರ್ಥಿಸುವುದಿಲ್ಲ. ಆದರೆ ಸರಿಯಾದ ದಾರಿ ಕೈಗೆಟುಕದಿದ್ದಾಗಲೇ ಜನ ಅಲ್ಲಿಗೆ ಹೋಗುತ್ತಾರೆ ಎಂಬುದನ್ನು ಇಲಾಖೆ ಗಮನಿಸಬೇಕು.

ನಮ್ಮ ಮುಖ್ಯ ಬೇಡಿಕೆ ದೋಷಗಳ ದಾಖಲಾತಿ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 110ಎ ಕಲಮಿನ ಪ್ರಕಾರ, ಪರಿಸರಕ್ಕೆ, ಚಾಲಕರಿಗೆ ಅಥವಾ ರಸ್ತೆ ಬಳಸುವ ಇತರರಿಗೆ ಹಾನಿ ತರಬಹುದಾದ ದೋಷವಿದ್ದರೆ ವಾಹನಗಳನ್ನು ಹಿಂದಕ್ಕೆ ಕರೆಸಿಕೊಳ್ಳುವಂತೆ ತಯಾರಕರಿಗೆ ಆದೇಶಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಆದರೆ ದೂರುಗಳು ಒಂದೆಡೆ ಸೇರದೆ ಆ ಕಲಮು ಕೆಲಸ ಮಾಡದು. ನಾವು ಚದುರಿಹೋದವರು, ಒಬ್ಬೊಬ್ಬರ ದೂರು ಒಂದೊಂದು ಕೌಂಟರಿನಲ್ಲಿ ಸಾಯುತ್ತದೆ. ಸರಕು ವಾಹನಗಳು ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ (ಅರ್ಹತಾ ಪತ್ರ) ತಪಾಸಣೆಗೆ ಬರುತ್ತವೆ. ಆ ಹೊತ್ತಿಗೆ ಸ್ಕ್ಯಾನರ್ ಹಾಕಿ ಎಂಜಿನ್ನಿನ ದೋಷಸಂಕೇತಗಳನ್ನು ಮಾದರಿವಾರು ಬರೆದಿಟ್ಟರೆ ಬೇರೆ ಸಮೀಕ್ಷೆಯೇ ಬೇಕಾಗದು. ಮೊದಲು ಕೋಲಾರ ಆರ್‌ಟಿಒ ಕಚೇರಿಯಲ್ಲಿ ಇದನ್ನು ಆರಂಭಿಸಿ, ಬಂದ ವರದಿಯನ್ನು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯಕ್ಕೆ ಕಳಿಸಿಕೊಡಬೇಕು.

ಇದರ ಜೊತೆಗೆ ತಯಾರಕರು, ಮಾರಾಟಗಾರರು, ಚಾಲಕರು ಮತ್ತು ಇಲಾಖೆಯ ತಾಂತ್ರಿಕ ಅಧಿಕಾರಿಗಳು ಒಟ್ಟಿಗೆ ಕೂರುವ ಸಭೆಯನ್ನು ಸುಗ್ಗಿಗೆ ಮೊದಲೇ ಕರೆಯಬೇಕು. ನಿಂತ ಗಾಡಿಯಲ್ಲೇ ಮಸಿ ಸುಡಿಸುವ ಉಪಕರಣ ಪ್ರತಿ ತಾಲ್ಲೂಕಿನಲ್ಲೂ ನಿಗದಿತ ದರದಲ್ಲಿ ಸಿಗುವಂತೆ ಆ ಸಭೆಯಲ್ಲಿ ತೀರ್ಮಾನವಾಗಬೇಕು. ವಾರಂಟಿ ನಿರಾಕರಿಸಿದರೆ ಕಾರಣವನ್ನು ಕನ್ನಡದಲ್ಲಿ ಬರೆದು, ಸಹಿ ಹಾಕಿ ಕೊಡಬೇಕು. ಸ್ಥಳೀಯ ಮೆಕ್ಯಾನಿಕ್‌ಗಳಿಗೂ ಬಿಡಿಭಾಗ ಮತ್ತು ಸ್ಕ್ಯಾನರ್ ಮಾಹಿತಿ ಸಿಗಬೇಕು. ಇವು ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ನಿರ್ಬಂಧಿಸಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರಿಗೆ 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತ್ತು.

ಬಾಡಿಗೆಗೆ ಓಡಿಸುವವರು ಗ್ರಾಹಕರಲ್ಲ ಎಂದು ನಮ್ಮನ್ನು ವಾಪಸು ಕಳಿಸುವುದೂ ಉಂಟು. ಸ್ವಉದ್ಯೋಗದಿಂದ ಜೀವನೋಪಾಯಕ್ಕಾಗಿಯೇ ಕೊಂಡ ವಸ್ತುವನ್ನು ವಾಣಿಜ್ಯ ಉದ್ದೇಶದ್ದೆಂದು ಪರಿಗಣಿಸುವಂತಿಲ್ಲ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೇ ಹೇಳಿದೆ. ಇದನ್ನು ತಿಳಿಸುವ ಸುತ್ತೋಲೆಯೊಂದನ್ನು ಜಿಲ್ಲೆಯ ಎಲ್ಲ ವಾಹನ ಮಾರಾಟಗಾರರಿಗೂ ಕಳಿಸಬೇಕೆಂದು ಕೋರುತ್ತೇವೆ.

ಈ ಮನವಿಯ ಮೇಲೆ ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿಗಳು,
ಕೋಲಾರ ಜಿಲ್ಲೆಯ ಪಿಕಪ್ ವಾಹನಗಳ ಮಾಲೀಕ-ಚಾಲಕರು