ಮೊದಲು ಫಿಶ್, ಆಮೇಲೆ ಮೈಕ್ರೋಆರ್‌ಎನ್‌ಎ

ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ, ಜೀನ್‌ಗಳನ್ನು ಅಂಕೆಯಲ್ಲಿಡುವ ಪುಟ್ಟ ಅಣುಗಳಾದ ಮೈಕ್ರೋಆರ್‌ಎನ್‌ಎಗಳ ಶೋಧಕ್ಕಾಗಿ 2024ರ ನೊಬೆಲ್ ಸಂದ ಮೇಲೆ, ರಕ್ತ ಕ್ಯಾನ್ಸರ್ ರೋಗಿಯ ಭವಿಷ್ಯವನ್ನು ಮೈಕ್ರೋಆರ್‌ಎನ್‌ಎ ಪರೀಕ್ಷೆಯಿಂದಲೇ ಹೇಳಬಹುದು ಎಂಬ ಉತ್ಸಾಹ ಹೆಚ್ಚಿದೆ. ಇತ್ತ 3 ವರ್ಷಗಳಲ್ಲಿ ಎಲ್ಲ ಜಿಲ್ಲಾಸ್ಪತ್ರೆಗಳಲ್ಲೂ ಡೇ ಕೇರ್ ಕ್ಯಾನ್ಸರ್ ಕೇಂದ್ರ ತೆರೆಯುವುದಾಗಿ ಕೇಂದ್ರದ 2025ರ ಬಜೆಟ್ ಹೇಳಿದೆ. ಆ ಕೇಂದ್ರಗಳ ಹಣ ಈ ಪರೀಕ್ಷೆಗೆ ಹೋಗಕೂಡದು. ಕನಿಷ್ಠ ಈಗಂತೂ ಬೇಡ.

ಉತ್ಸಾಹಿಗಳೆಲ್ಲ ಎತ್ತಿ ಹೇಳುವುದು 2002ರ ಸಂಶೋಧನೆಯನ್ನು. ದೀರ್ಘಕಾಲಿಕ ಲಿಂಫೋಸೈಟಿಕ್ ಲ್ಯುಕೇಮಿಯಾದ (ಸಿಎಲ್ಎಲ್) ಸುಮಾರು ಶೇ 68ರಷ್ಟು ಪ್ರಕರಣಗಳಲ್ಲಿ ಮಿರ್-15ಎ ಮತ್ತು ಮಿರ್-16-1 ಎಂಬ ಮೈಕ್ರೋಆರ್‌ಎನ್‌ಎಗಳು ಇರುವುದೇ ಇಲ್ಲ, ಇಲ್ಲವೇ ಕುಗ್ಗಿರುತ್ತವೆ ಎಂದು ಕಾರ್ಲೊ ಕ್ರೋಚೆ ಅವರ ತಂಡ ತೋರಿಸಿತು. ಇವೆರಡೂ ಬಿಸಿಎಲ್2 ಪ್ರೋಟೀನನ್ನು ಅಂಕೆಯಲ್ಲಿಡುತ್ತವೆ. ಅಂಕೆ ತಪ್ಪಿದರೆ ಸಾಯಬೇಕಾದ ಜೀವಕೋಶ ಸಾಯುವುದಿಲ್ಲ. ಇವೆರಡರ ಜೀನ್‌ಗಳಿರುವ ಡಿಎನ್‌ಎ ತುಣುಕನ್ನು ತೆಗೆದುಹಾಕಿದ ಇಲಿಗಳಿಗೂ ಅಂಥದೇ ಕಾಯಿಲೆ ಬಂತು. ರೋಗ ಹುಟ್ಟುವುದರಲ್ಲಿ ಇವುಗಳ ಪಾತ್ರದ ಬಗ್ಗೆ ನನಗೆ ತಕರಾರಿಲ್ಲ.

ಆದರೆ ಆ 2002ರ ಸಂಶೋಧನೆಗೂ 2 ವರ್ಷ ಮೊದಲೇ ಪ್ರಕಟವಾಗಿದ್ದ ಇನ್ನೊಂದು ಸಂಖ್ಯೆಯನ್ನು ಯಾರೂ ಎತ್ತುವುದೇ ಇಲ್ಲ: 133. ಜರ್ಮನಿಯ ಉಲ್ಮ್‌ನ ವೈದ್ಯರು 325 ಸಿಎಲ್ಎಲ್ ರೋಗಿಗಳ ವರ್ಣತಂತುಗಳನ್ನು ಫಿಶ್ ಪರೀಕ್ಷೆಯಿಂದ (ಹೊಳೆಯುವ ಗುರುತು ಅಂಟಿಸಿ ವರ್ಣತಂತುಗಳ ದೋಷ ಪತ್ತೆಹಚ್ಚುವ ವಿಧಾನ) ನೋಡಿದ್ದರು. ಈ ಎರಡು ಮೈಕ್ರೋಆರ್‌ಎನ್‌ಎಗಳು ಕೂತಿರುವ, 13ನೇ ವರ್ಣತಂತುವಿನ 13ಕ್ಯೂ ಭಾಗ ಮಾತ್ರ ಕಳೆದುಹೋದವರ ಬದುಕಿನ ಮಧ್ಯಾಂಕ 133 ತಿಂಗಳು. ಯಾವ ದೋಷವೂ ಕಾಣದವರದು 111. 17ನೇ ವರ್ಣತಂತುವಿನ 17ಪಿ ಭಾಗ ಕಳೆದುಕೊಂಡವರದು ಬರೀ 32. ಅಂದರೆ, ರೋಗಕ್ಕೆ ನಾಂದಿ ಹಾಡುವ ನಷ್ಟವೇ ಇದ್ದುದರಲ್ಲಿ ಅತಿ ಒಳ್ಳೆಯ ಭವಿಷ್ಯದ ಗುರುತು! ಹೊಸ ಔಷಧಿಗಳು ಬಂದ ಮೇಲೆ ಎಲ್ಲರ ಆಯಸ್ಸೂ ಹೆಚ್ಚಿದೆ, ನಿಜ. ಆದರೂ ರೋಗ ಏಕೆ ಬಂತು, ರೋಗಿ ಎಷ್ಟು ಕಾಲ ಬದುಕಬಹುದು ಎಂಬ ಎರಡು ಪ್ರಶ್ನೆಗಳನ್ನು ಒಂದೇ ಪರೀಕ್ಷೆಗೆ ಕಟ್ಟಲಾಗದು.

2005ರಲ್ಲಿ 13 ಮೈಕ್ರೋಆರ್‌ಎನ್‌ಎಗಳ ಗುಚ್ಛವೊಂದು ಸಿಎಲ್ಎಲ್ ಭವಿಷ್ಯ ಹೇಳಬಲ್ಲದೆಂದು ವರದಿಯಾಯಿತು. 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಚಿಕಿತ್ಸೆಗೆ ಮುನ್ನ ಕೇಳಿದ್ದು ಮಾತ್ರ ಫಿಶ್ ಮತ್ತು ಟಿಪಿ53, ಐಜಿಎಚ್‌ವಿ ಎಂಬ ಜೀನ್‌ಗಳ ಪರೀಕ್ಷೆಯನ್ನು, ಮೈಕ್ರೋಆರ್‌ಎನ್‌ಎಯನ್ನಲ್ಲ. ತೀವ್ರ ಮೈಲಾಯ್ಡ್ ಲ್ಯುಕೇಮಿಯಾದ 2022ರ ಯುರೋಪಿಯನ್ ವರ್ಗೀಕರಣದಲ್ಲೂ ಮೈಕ್ರೋಆರ್‌ಎನ್‌ಎಗೆ ಜಾಗ ಸಿಕ್ಕಿಲ್ಲ.

ಕಷ್ಟ ಎಲ್ಲಿದೆ ಎಂದು ಪ್ರಯೋಗಾಲಯದಲ್ಲಿ ಕೂತವರಿಗೆ ಗೊತ್ತು. ಕೆಂಪು ರಕ್ತಕಣಗಳಲ್ಲಿ ಮಿರ್-16 ಹೇರಳವಾಗಿದೆ. ರಕ್ತ ತೆಗೆಯುವಾಗಲೋ ಸಾಗಿಸುವಾಗಲೋ ಒಂದಿಷ್ಟು ಕಣಗಳು ಒಡೆದು ಪ್ಲಾಸ್ಮಾ ತಿಳಿಗೆಂಪಾದರೆ ಸಾಕು, ಮಿರ್-16ರ ಅಳತೆ ಸುಳ್ಳೇ ಏರುತ್ತದೆ. ಎಷ್ಟೋ ಅಧ್ಯಯನಗಳು ಉಳಿದವನ್ನು ಅಳೆಯಲು ಇದನ್ನೇ ಮಾನದಂಡ ಮಾಡಿಕೊಂಡಿದ್ದವು! ದೂರದ ತಾಲ್ಲೂಕಿನಿಂದ ಬರುವ ಮಾದರಿಯ ಮೇಲೆ ಇಂಥ ಪರೀಕ್ಷೆ ನಡೆಸಿ ರೋಗಿಗೆ ಏನು ಹೇಳುತ್ತೀರಿ?

17ಪಿ ಅಥವಾ ಟಿಪಿ53 ದೋಷವಿದ್ದವರಿಗೆ ಹಳೆಯ ಕೀಮೋಥೆರಪಿ ಹೆಚ್ಚೇನೂ ನಾಟದು. ಅವರಿಗೆ ಬೇಕಿರುವುದು ಇಬ್ರುಟಿನಿಬ್, ವೆನೆಟೊಕ್ಲ್ಯಾಕ್ಸ್‌ನಂಥ ಔಷಧಿ. ಆ ದೋಷವನ್ನು ಪರೀಕ್ಷಿಸದೆ ಡೇ ಕೇರ್ ಕೇಂದ್ರದಲ್ಲಿ ಸಿಎಲ್ಎಲ್ ರೋಗಿಗೆ ಕೀಮೋ ಹನಿಸಿದರೆ ಅದು ಅನ್ಯಾಯ. ಪ್ರತಿ ಜಿಲ್ಲೆಯ ಮಾದರಿಯೂ ಫಿಶ್ ಮತ್ತು ಟಿಪಿ53 ಪರೀಕ್ಷೆ ನಡೆಸುವ ಪ್ರಯೋಗಾಲಯವನ್ನು ಉಚಿತವಾಗಿ ತಲುಪಬೇಕು, ವರದಿ ಬಂದ ಮೇಲೆಯೇ ಮೊದಲ ಡೋಸ್ ನಿರ್ಧಾರವಾಗಬೇಕು. ಬಜೆಟ್‌ನ ಹಣ ಮೊದಲು ಇಲ್ಲಿಗೆ ಬರಲಿ.