ಬೀಜಗಣಿತ: ಬೇರು ಕೆಳಗಿನ ತರಗತಿಯಲ್ಲಿದೆ

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ದಕ್ಷಿಣ ಕನ್ನಡ ಪ್ರಥಮ, ಉಡುಪಿ ದ್ವಿತೀಯ. ಕಲ್ಯಾಣ ಕರ್ನಾಟಕದ ಕಲಬುರಗಿ ಕೊನೆಯ ಸ್ಥಾನದಲ್ಲಿತ್ತು. ಕರಾವಳಿಯವರಾದ ನಾವು ಸಂತಸಪಟ್ಟು ಸುಮ್ಮನಾಗುವಂತಿಲ್ಲ. ಅದೇ ಭಾಗದ ಕೊಪ್ಪಳ ತಾಲೂಕಿನ ಅಳವಂಡಿಯಲ್ಲಾಗಲಿ, ನಮ್ಮೂರಲ್ಲಾಗಲಿ, ಎಂಟನೇ ತರಗತಿಯ ಮಗು ಬೀಜಗಣಿತಕ್ಕೆ ಹೆದರುವುದು ಹೆಚ್ಚಾಗಿ ಭಿನ್ನರಾಶಿ ಗಟ್ಟಿಯಾಗದ ಕಾರಣ. ಒಂದು ಸಂಖ್ಯೆಯ ಅರ್ಧಕ್ಕೆ ಅದರ ಕಾಲುಭಾಗ ಸೇರಿಸಿದರೆ 9; ಸಂಖ್ಯೆ ಯಾವುದು? ಅರ್ಧ, ಕಾಲು ಕೂಡಿ ಮುಕ್ಕಾಲು ಎಂದು ತಿಳಿದವನಿಗೆ ಉತ್ತರ 12, ತಿಳಿಯದವನಿಗೆ ಒಗಟು.

2015-16ರಲ್ಲಿ ಸರಕಾರ ಮತ್ತು ಅಕ್ಷರ ಫೌಂಡೇಶನ್ ಕಲ್ಯಾಣ ಕರ್ನಾಟಕಕ್ಕೆ ತಂದ 'ಗಣಿತ ಕಲಿಕಾ ಆಂದೋಲನ' ಪ್ರಾಥಮಿಕ ಹಂತದಲ್ಲೇ ಕಲಿಕಾ ಕಿಟ್, ಶಿಕ್ಷಕರ ತರಬೇತಿ ಒದಗಿಸಿತು. ದಾರಿ ಸರಿಯಾಗಿದೆ. ಆದರೆ ಕಿಟ್ ಕಪಾಟು ಸೇರಬಾರದು. ಪ್ರಾಥಮಿಕ ಮತ್ತು ಪ್ರೌಢಶಾಲಾ ಗಣಿತ ಶಿಕ್ಷಕರು ಒಟ್ಟಿಗೆ ಕುಳಿತು ಮಗು ಎಡವುವ ಜಾಗ ಗುರುತಿಸಲಿ. ಈ ಕೆಲಸ ನಮ್ಮ ಶಾಲೆಗಳಿಂದಲೇ ಆರಂಭವಾಗಲಿ.