ಹಿಡಿದದ್ದು ಆನೆ, ಕಟ್ಟೋರು ಯಾರು?

ಸದನ ಸಮಿತಿ ಅಂದ್ರೆ ಸಾಕು, ಇಲ್ಲಿ ಪುಣೆಯ ನಮ್ಮ ಕನ್ನಡ ಗೆಳೆಯರೆಲ್ಲ ನಗ್ತಾರೆ. ಬೆಟ್ಟ ಅಗೆದು ಇಲಿ ಹಿಡಿಯೋ ಕೆಲಸ ಅಂತ. ನಾನು ಒಪ್ಪಲ್ಲ. ಎ.ಟಿ. ರಾಮಸ್ವಾಮಿಯವರ ಸಮಿತಿ ಹಿಡಿದದ್ದು ಇಲಿಯಲ್ಲ ಸ್ವಾಮಿ, ಆನೆ!

ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಜಮೀನಿನ ಒತ್ತುವರಿ ತನಿಖೆಗೆ 2005ರಲ್ಲಿ ಜಂಟಿ ಸದನ ಸಮಿತಿ ಆಯ್ತು. 2007ರಲ್ಲಿ ಎರಡು ವರದಿ ಬಂದವು. 27,336 ಎಕರೆ ಒತ್ತುವರಿ ಅಂತ ಲೆಕ್ಕ ಕೊಟ್ಟರು, ಅಧಿಕಾರಿಗಳ ಕೈವಾಡವನ್ನೂ ಬರೆದರು. ಆಗ ಮುಖ್ಯಮಂತ್ರಿ ಇದ್ದದ್ದು ರಾಮಸ್ವಾಮಿಯವರದೇ ಪಕ್ಷದ ಕುಮಾರಸ್ವಾಮಿ. ತಮ್ಮದೇ ಸರ್ಕಾರದ ಕೈಗೆ ಇಂಥ ವರದಿ ಕೊಡೋದು ಸಣ್ಣ ಮಾತಲ್ಲ.

ಆಮೇಲೆ? ವರದಿ ಕೊಟ್ಟ ದಿನವೇ ಸಮಿತಿಯ ಆಯಸ್ಸು ಮುಗೀತು. ನವೆಂಬರಿನಲ್ಲಿ ವಿಧಾನಸಭೆಯೇ ವಿಸರ್ಜನೆ ಆಯ್ತು. 2009ರಲ್ಲಿ ವಿ. ಬಾಲಸುಬ್ರಮಣಿಯನ್ ಅವರ ಕಾರ್ಯಪಡೆ ಬಂತು. 2011ರ ಅವರ ವರದಿಯನ್ನ ಸರ್ಕಾರ ಪ್ರಕಟಿಸಲಿಲ್ಲ, ಪಾಪ, ಅವರೇ ಅಚ್ಚು ಹಾಕಿಸಿದರು. ಭೂಗಳ್ಳತನದ ವಿಶೇಷ ನ್ಯಾಯಾಲಯ ಶುರುವಾಗಿದ್ದು 2016ರಲ್ಲಿ. ಒಂಬತ್ತು ವರ್ಷ!

ಬ್ಯಾಂಕಿನಲ್ಲಿ ಇನ್‌ಸ್ಪೆಕ್ಷನ್ ರಿಪೋರ್ಟ್ ಬಂದ ದಿನ ಕೆಲಸ ಶುರು ಆಗುತ್ತೆ. ಪ್ರತಿ ಪ್ಯಾರಾಗೂ ಕಂಪ್ಲಯನ್ಸ್ ಬರೀಬೇಕು, ಆಧಾರ ಲಗತ್ತಿಸಬೇಕು, ಮೇಲಿನ ಆಫೀಸು ಒಪ್ಪೋ ತನಕ ರಿಪೋರ್ಟ್ ಕ್ಲೋಸ್ ಆಗಲ್ಲ. ಮ್ಯಾನೇಜರ್ ವರ್ಗವಾದ್ರೆ ಬಾಕಿ ಪ್ಯಾರಾಗಳು ಮುಂದೆ ಬಂದವನ ತಲೆಗೆ. (ನನಗೆ ಇಂಥ ಪಿತ್ರಾರ್ಜಿತ ಬೇಕಾದಷ್ಟು ಬಂದಿದೆ.) ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯಲ್ಲಿ ಈ ಪದ್ಧತಿ ಇದೆ. ಅದು ಕಾಯಂ ಸಮಿತಿ. ಮಂತ್ರಿಗಳು ಅದರ ಸದಸ್ಯರಾಗುವಂತಿಲ್ಲ. ಶಿಫಾರಸಿನ ಮೇಲೆ ಏನು ಮಾಡಿದಿರಿ ಅಂತ ಸರ್ಕಾರ ಆರು ತಿಂಗಳೊಳಗೆ ಟಿಪ್ಪಣಿ ಕೊಡಬೇಕು. ಅದನ್ನ ನೋಡಿ ಸಮಿತಿ ಇನ್ನೊಂದು ವರದಿ ಮಾಡುತ್ತೆ.

ಪುಣೆಯಲ್ಲಿ ಕೂತವನಿಗೆ ಬೆಂಗಳೂರಿನ ಜಮೀನಿನ ಉಸಾಬರಿ ಯಾಕೆ ಅಂತೀರಾ? ನಿವೃತ್ತಿಗೆ ಅಲ್ಲೊಂದು ಸೈಟು ಅನ್ನೋ ಆಸೆ ನಮ್ಮಲ್ಲಿ ಯಾರಿಗಿಲ್ಲ ಹೇಳಿ. ಮೊನ್ನೆ ಸ್ನೇಹಿತರೊಬ್ಬರು ಕಾಗದಪತ್ರ ತಂದು ತೋರಿಸಿದರು. ಕ್ರಯಪತ್ರ, ಖಾತೆ ಎಲ್ಲ ಚೆಂದ. ಹಳೇ ಪಹಣಿ ತೆಗೆದ್ರೆ ಸರ್ಕಾರಿ ಖರಾಬು! ಮಾರಿದವನು ದುಡ್ಡು ಎಣಿಸಿಕೊಂಡು ಹೋಗಿಯಾಯ್ತು. ಇಪ್ಪತ್ತೈದು ವರ್ಷದ ಉಳಿತಾಯ ಹಾಕಿದವರು ಇವರು.

ಅದಕ್ಕೇ ಹೇಳ್ತೀನಿ, ಸದನ ಸಮಿತಿಯ ವರದಿ ಬಂದ ಮೇಲೆ ಅದರ ಪ್ಯಾರಾಗಳು ಒಂದು ಕಾಯಂ ಸಮಿತಿಯ ಸುಪರ್ದಿಗೆ ಹೋಗಲಿ. ಆರು ತಿಂಗಳಿಗೊಮ್ಮೆ ಇಲಾಖೆ ಕಾರ್ಯದರ್ಶಿ ಬಂದು, ಎಷ್ಟು ಎಕರೆ ವಾಪಸ್ ಬಂತು, ಯಾರ ಮೇಲೆ ಕ್ರಮ ಆಯ್ತು ಅಂತ ಉತ್ತರ ಹೇಳಲಿ. ಸರ್ಕಾರ ಬದಲಾದ್ರೂ ಪ್ಯಾರಾ ಬಾಕಿ ಅಂತಲೇ ತೋರಿಸಲಿ. ಇದಕ್ಕೆ ಸದನದ ನಿಯಮಾವಳಿ ತಿದ್ದಿದ್ರೆ ಸಾಕು. ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಶಾಸಕರು ಸಿಕ್ಕರೆ, ರಸ್ತೆ ಚರಂಡಿ ಜೊತೆ ಇದನ್ನೂ ಒಂದು ಮಾತು ಕೇಳಿ ನೋಡಿ.